ಬೀದಿಗೊಂದು ಮಾದರಿ ಮನೆ

"ಹೆಂಚು ಒಡೀಬೇಡಿ ಡಾಕ್ಟ್ರೇ, ಬಿಚ್ಚಿ! ಒಡೆದ್ರೆ ಬೇಕಂತಲೇ ಮಾಡಿದ್ದು ಅಂತ ಗೊತ್ತಾಗುತ್ತೆ. ಬಿಚ್ಚಿದ್ರೆ, ಪಾಪ, ಗಾಳಿಗೆ ಹಾರಿಹೋಯ್ತು ಅಂತಾರೆ."

ಕೆಳಗೆ ನಿಂತು ಕೂಗ್ತಿದ್ದದ್ದು ಆ ಮನೆಯ ಒಡತಿಯೇ. ಇಡೀ ಬೀದಿಗೆ ಅವಳು ದೊಡ್ಡಮ್ಮ. ಪ್ಯಾಂಟು ಮಡಚಿಕೊಂಡು ಮಾಡು ಹತ್ತಿದ್ದವರು ಎದುರುಮನೆಯ ಹಲ್ಲಿನ ಡಾಕ್ಟರು. ಜೀವಮಾನವೆಲ್ಲ ಹಲ್ಲು ಕಿತ್ತ ಕೈ. ಹೆಂಚನ್ನೂ ಒಂದೊಂದಾಗಿ, ಅದಕ್ಕೆ ನೋವಾಗದ ಹಾಗೆ ಕೀಳ್ತಿದ್ದರು.

ಇದಕ್ಕೆಲ್ಲ ಕಾರಣ ಆಸ್ತಿ ತೆರಿಗೆ. ದೊಡ್ಡಮ್ಮ ತಲೆ ನರೆಯೋವರೆಗೂ ಪುರಸಭೆಯ ಕಂದಾಯ ವಿಭಾಗದಲ್ಲಿ ಗುಮಾಸ್ತೆಯಾಗಿದ್ದವಳು. ಮೊನ್ನೆ ಗೇಟಿಗೆ ಒರಗಿಕೊಂಡು, ಬಟ್ಟೆ ಒಣಹಾಕಿದಷ್ಟೇ ಸಲೀಸಾಗಿ ಸುದ್ದಿ ಹಾಕಿದ್ದಳು.

"ಈ ಸಲ ಹೊಸ ಪದ್ಧತಿಯಂತೆ ಕಣ್ರೋ. ಮನೆಮನೆ ಅಲೆಯೋಕೆ ಅವರ ಹತ್ರ ಜನ ಇಲ್ಲ. ಬೀದಿಗೊಂದು ಮಾದರಿ ಮನೆ. ಅದಕ್ಕೆ ಯಾವ ದರ ಕಟ್ತಾರೋ ಇಡೀ ಬೀದಿಗೆ ಅದೇ ದರ. ನಮ್ಮ ಬೀದಿಗೆ ನಮ್ಮನೆ. ಭಾನುವಾರ ಸಂಜೆ ಅಳತೆಯವರು ಬರ್ತಾರೆ."

ಬೀದಿಗೆ ನಡುಕ ಹತ್ತಿತು. ಕಳೆದ ಸಲದ ಪೆಟ್ಟೇ ಇನ್ನೂ ಮಾಸಿರಲಿಲ್ಲ. ಮೂಲೆಯ ಮೆಡಿಕಲ್ ಶಾಪಿನವನು ಹೊಸ ಮಹಡಿ ಎಬ್ಬಿಸಿದ್ದೇ ತಡ, 'ಈ ಬೀದಿ ಬೆಳೆದಿದೆ' ಅಂತ ಪುರಸಭೆ ಎಲ್ಲರ ದರ ಏರಿಸಿತ್ತು. ಮಹಡಿ ಅವನದು, ತಲೆಸುತ್ತು ಇವರಿಗೆ.

ಕಚೇರಿಗೆ ಹೋಗಿ 'ಇದು ನಿಜವಾ' ಅಂತ ಕೇಳೋಕೆ ಒಬ್ಬರಿಗೂ ಮುಖ ಇರಲಿಲ್ಲ. ಡಾಕ್ಟರ ಕ್ಲಿನಿಕ್ಕು ಪುರಸಭೆಯ ಲೆಕ್ಕದಲ್ಲಿ ಅಡುಗೆಮನೆ. ಬೀದಿಯ ದೊಡ್ಡ ಕುಳಕ್ಕೆ ಎಲ್ಲರೂ ಇಟ್ಟ ಹೆಸರು 'ಮೂರಂತಸ್ತು'. ಅವನ ಮೂರಂತಸ್ತಿನ ಮನೆ ಪುರಸಭೆಯ ಕಣ್ಣಿಗೆ ಇನ್ನೂ ಒಂದಂತಸ್ತಿನ ಗೂಡು. ಹುತ್ತಕ್ಕೆ ಯಾರು ಕೈ ಹಾಕ್ತಾರೆ?

ಉಳಿದದ್ದು ಒಂದೇ ದಾರಿ. ದೊಡ್ಡಮ್ಮನ ಎರಡು ಕೋಣೆಯ ಹಳೇ ಮನೆಯ ಬೆಲೆ ಇಳಿಸೋದು. ಮೊದಲು ಗೋಡೆಗೆ ಒಂದಿಷ್ಟು ಮಸಿ ಬಳಿಯೋದು ಅಂತಷ್ಟೇ ಮಾತಾಗಿತ್ತು.

"ಮಸಿಗೆಲ್ಲ ಅವರು ಬಗ್ಗಲ್ಲ ಕಣಯ್ಯ," ದೊಡ್ಡಮ್ಮ ನಿಟ್ಟುಸಿರು ಬಿಟ್ಟಳು. "ಮಾಡು ನೋಡ್ತಾರೆ, ನೆಲ ನೋಡ್ತಾರೆ, ಬಾಗಿಲು ಯಾವ ಮರದ್ದು ಅಂತ ನೋಡ್ತಾರೆ. ಒಂದೊಂದಕ್ಕೂ ಇಷ್ಟಿಷ್ಟು ಅಂಕ."

ಅಂಕ ಅಂದ ಕೂಡಲೇ ಪಕ್ಕದ ಮನೆ ಮೇಷ್ಟ್ರು ಚುರುಕಾದರು. ಮಕ್ಕಳ ಅಂಕ ಕತ್ತರಿಸಿ ಕತ್ತರಿಸಿ ಪಳಗಿದವರು. "ಹಾಗಾದ್ರೆ ಎಲ್ಲಾ ಕೀಳ್ರಿ! ಒಂದರಲ್ಲೂ ಪಾಸಾಗಬಾರದು!"

ಮಾಡು ಹೋಯ್ತು. ನೆಲದ ಚಪ್ಪಡಿ ಎದ್ದವು. ಬಾಗಿಲು, ಕಿಟಕಿ ಬಿಚ್ಚಿಸಿ, ಒಂದು ಗೀರೂ ಬೀಳದ ಹಾಗೆ ಹಳೇ ಸೀರೆ ಸುತ್ತಿಸಿ, ಡಾಕ್ಟರ ಗ್ಯಾರೇಜಲ್ಲಿ ಇಡಿಸಿದಳು ದೊಡ್ಡಮ್ಮ. ಅವಳ ಪಾತ್ರೆಪಗಡ ಆಗಲೇ ತಂಗಿ ಮನೆ ಸೇರಿತ್ತು. "ಧೂಳು ನನಗಾಗಲ್ಲಪ್ಪ" ಅಂದಿದ್ದಳು.

"ದೊಡ್ಡಮ್ಮ, ನಿಮಗೆ ಬೇಜಾರಿಲ್ಲ ತಾನೆ?" ಡಾಕ್ಟರ ಹೆಂಡತಿ ಕೇಳಿದಳು.

"ಬೀದಿಗೋಸ್ಕರ ನಾನೊಬ್ಬಳು ಬೀದಿಗೆ ಬಿದ್ರೆ ಏನಂತೆ ಬಿಡೇ."

ಎಲ್ಲರ ಕಣ್ಣೂ ಒದ್ದೆ. ಅಳತೆ ಮುಗಿದ ಮೇಲೆ ಎಲ್ಲರೂ ಸೇರಿ ಮತ್ತೆ ಕಟ್ಟಿಸಿಕೊಡ್ತೀವಿ ಅಂತ ಮೂರಂತಸ್ತು ಮಾತು ಕೊಟ್ಟ. ಅವನ ಮಾತೂ ಅವನ ಮನೆ ಥರವೇ. ಮೂರಿದ್ರೆ ಲೆಕ್ಕಕ್ಕೆ ಸಿಗೋದು ಒಂದು.

ಈಗ ಬರೀ ಗೋಡೆ ನಿಂತಿತ್ತು. ದೊಡ್ಡಮ್ಮ ಅದನ್ನೇ ನೋಡ್ತಾ ನಿಂತಳು.

"ಗೋಡೆ ಇದ್ರೆ ಕಟ್ಟಡ ಅಂತಲೇ ಬರ್ಕೋತಾರೆ. ಖಾಲಿ ಜಾಗ ಆದ್ರೆ ದರ ಚಿಲ್ಲರೆ. ಆದ್ರೆ ಬೇಡ ಬಿಡಿ, ನಿಮಗ್ಯಾಕೆ ತೊಂದರೆ."

"ನೀವು ಸುಮ್ನಿರಿ ದೊಡ್ಡಮ್ಮ!" ಮೂರಂತಸ್ತು ಸುತ್ತಿಗೆ ಎತ್ತಿದ.

ಇಷ್ಟು ದಿನ ಬಾಯಲ್ಲೇ ಮನೆ ಮುರೀತಿದ್ದ ಬೀದಿ, ಅವತ್ತು ಕೈಯಾರೆ ಮುರೀತು.

ಭಾನುವಾರ ಸಂಜೆ ಅಳತೆಗೆ ಒಬ್ಬ ಬಂದ. ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಮುಖದಲ್ಲಿ ಗಂಟು. ಬೀದಿಗೆ ಬೀದಿಯೇ ಎದ್ದು ನಿಂತಿತು. ಡಾಕ್ಟರ ಹೆಂಡತಿ ಕುರ್ಚಿ ತಂದಳು. ಅವನು ಕೂರಲಿಲ್ಲ. ಕಲ್ಲುಮಣ್ಣಿನ ರಾಶಿ ನೋಡಿ ಸಿಡುಕಿದ.

"ಈ ಗುಡ್ಡ ಇಟ್ಕೊಂಡು ನಾನು ಅಳೆಯೋದು ಎಲ್ಲಿ?"

ಬಕೆಟ್ಟು ಬಂತು, ಬಾಣಲಿ ಬಂತು. ಮೂರಂತಸ್ತಿನ ಹೊಸ ಕಾರಿನ ಡಿಕ್ಕಿಯೂ ಸೇವೆಗೆ ನಿಂತಿತು. ಕತ್ತಲಾಗೋ ಹೊತ್ತಿಗೆ ಜಾಗ ಅಂಗೈ ಹಾಗೆ ಚೊಕ್ಕಟ.

ಅವನು ಉದ್ದ ಅಳೆದ, ಅಗಲ ಅಳೆದ. ಮಣ್ಣು ಚಿವುಟಿ ತಿಕ್ಕಿ ನೋಡಿದ. "ಇಲ್ಲಿವರೆಗೆ ಲಾರಿ ಬರುತ್ತಾ?"

"ರಸ್ತೆ ಅಗಲಕ್ಕೂ ಅಂಕ ಇದೆ," ಮೇಷ್ಟ್ರು ಪಿಸುಗುಟ್ಟಿದರು. ಆಮೇಲೆ ಜೋರಾಗಿ, "ಲಾರಿನಾ? ಸೈಕಲ್ಲೇ ಉಸಿರು ಬಿಗಿಹಿಡ್ಕೊಂಡು ಬರಬೇಕು ಸ್ವಾಮಿ!"

"ಸುಳ್ಳು ಯಾಕೆ ಮೇಷ್ಟ್ರೇ? ಲಾರಿ ಆರಾಮಾಗಿ ಬರುತ್ತೆ," ಅಂದಳು ದೊಡ್ಡಮ್ಮ. ಇಂಥ ಹೊತ್ತಲ್ಲೂ ನಿಜ ಬಿಡದವಳು ಅಂತ ಬೀದಿ ಹಲ್ಲು ಕಚ್ಚಿಕೊಂಡೇ ಮೆಚ್ಚಿತು.

ಮೂರಂತಸ್ತಿಗೆ ತಡೆಯೋಕಾಗಲಿಲ್ಲ. ಕೈ ಮುಗಿದ. "ಸ್ವಾಮಿ, ಈ ಮನೆಗೆ ಎಷ್ಟು ಬೆಲೆ ಬರಬಹುದು?"

ಅವನು ಸುತ್ತ ನೋಡಿದ. "ಯಾವ ಮನೆಗೆ?"

ಅಷ್ಟೇ. ಮೂರಂತಸ್ತು ಮೇಷ್ಟ್ರನ್ನ ಎತ್ತಿ ಕುಣಿಸಿದ. ಡಾಕ್ಟರು ಅಷ್ಟೂ ಹಲ್ಲು ಕಾಣೋ ಹಾಗೆ ನಕ್ಕರು. ಎಲ್ಲರೂ ದೊಡ್ಡಮ್ಮನ ಕೈ ಕುಲುಕಿ, ಮೈಕೈ ನೋವಿನ ಜೊತೆ ಖುಷಿಯನ್ನೂ ಹೊತ್ತು ಮನೆ ಸೇರಿ ಬಾಗಿಲು ಹಾಕ್ಕೊಂಡರು.

ಬೀದಿ ಖಾಲಿಯಾದದ್ದು ನೋಡಿಕೊಂಡು ದೊಡ್ಡಮ್ಮ ಟೇಪಿನವನ ಕಡೆ ತಿರುಗಿದಳು: "ಕೆಡವೋ ಕೂಲಿ ಪೂರ್ತಿ ಉಳೀತಲ್ಲ ಕಂಟ್ರಾಕ್ಟರೇ, ಅದರಲ್ಲಿ ನಾಲ್ಕನೇ ಅಂತಸ್ತೂ ಎಬ್ಬಿಸಿಬಿಡಿ."