ಗೋಡೆ ಗಡಿಯಾರದ ಸಾಕ್ಷಿ

ಅಕ್ಟೋಬರ್ 23, ಮಂಗಳವಾರ, ಸಂಜೆ 6 ಗಂಟೆ 40 ನಿಮಿಷ. ಪ್ರಚಾರಕ್ಕೆ ಹೊರಡಲು ಕೋಟು ತೊಟ್ಟಿದ್ದ ವರ್ನಾ ಟಿವಿಯ ಮುಂದೆ ತಟ್ಟನೆ ನಿಂತಳು. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಹ್ಯಾಲೊರನ್‌ಗಾಗಿ ಎರಡು ತಿಂಗಳಿಂದ ಅವಳು ಓಹಾಯೋ ರಾಜ್ಯದ ಟೊಲೀಡೊದಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಿದ್ದಳು. ಎದುರಾಳಿಯ ಜಾಹೀರಾತಿನಲ್ಲಿ ಅದೇ ಹ್ಯಾಲೊರನ್ ನಾಲಿಗೆ ಹೊರಳದೆ ತೊದಲುತ್ತಿದ್ದ.

"ನಿಮ್ಮ ಸಾಹೇಬ್ರು ಬೆಳಿಗ್ಗೇನೇ ಏರಿಸಿದ್ರೇನೋ," ಎಂದು ಗಂಡ ಸ್ಟಾನ್ ಸೋಫಾದಿಂದಲೇ ಕಿಚಾಯಿಸಿದ.

"ಬಾಯ್ಮುಚ್ಚು. ಚಿತ್ರ ನಿಧಾನ ಮಾಡಿ ಓಡ್ಸಿದಾರೆ, ಕಳ್ಳರು. ಹ್ಯಾಲೊರನ್ ಹಿಂದೆ ಗೋಡೆ ಗಡಿಯಾರ ಇದೆಯಲ್ಲ, ಮೋಸ ಮಾಡಿದ್ರೆ ಅದರ ಸೆಕೆಂಡ್ ಮುಳ್ಳೂ ನಿಧಾನ ಆಗ್ಲೇಬೇಕು. ಇನ್ನೊಂದ್ಸಲ ಬರ್ಲಿ, ಅಳೀತೀನಿ."

"ಬರ್ದೇ ಏನು? ಓಹಾಯೋದಲ್ಲಿ ಹವಾಮಾನ ವರದಿಗಿಂತ ಹೆಚ್ಚು ಸಲ ಬರೋದು ಅದೇ."

ಬಂತು. ಹ್ಯಾಲೊರನ್ ಬಾಯಿ ತೆರೆದಾಗ ಅವನ ಹಿಂದಿನ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಹನ್ನೆರಡರ ಮೇಲಿತ್ತು. ವರ್ನಾ ಅವನ ಮಾತಿಗೆ ಕಿವಿಗೊಡಲಿಲ್ಲ. ಒಂದು ಕಣ್ಣು ಆ ಮುಳ್ಳಿನ ಮೇಲೆ, ಇನ್ನೊಂದು ಅಂಗೈಯಲ್ಲಿದ್ದ ತನ್ನ ಕೈಗಡಿಯಾರದ ಮೇಲೆ. ಗೋಡೆಯ ಮುಳ್ಳು ಮೂರನ್ನು ಮುಟ್ಟಿದಾಗ ದೃಶ್ಯ ಬದಲಾಯಿತು.

"ಎಷ್ಟಾಯ್ತು?" ಎಂದ ಸ್ಟಾನ್.

ಅವಳು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಗೋಡೆಯ ಮೇಲೆ ಹದಿನೈದು ಸೆಕೆಂಡು. ಅಂಗೈಯಲ್ಲೂ ಹದಿನೈದೇ.