ರಾಜಾ ಪಾರ್ಟು

“ಪ್ರಾಮಾಣಿಕತೆ ಶೇಕಡಾ ಮೂವತ್ತೊಂದು” ಎಂದು ಓದಿ, ಮ್ಯಾನೇಜರ್ ಸುದರ್ಶನ್ ಟ್ಯಾಬನ್ನು ವಾಚ್‌ಮನ್ ಯಾಲಕ್ಕಿಗೌಡನತ್ತ ತಿರುಗಿಸಿದ. ಪರದೆಯಲ್ಲಿ ಗೌಡನದೇ ಮುಖ. ಗಂಟಿಕ್ಕಿದ ಹುಬ್ಬು, ಅದುರುವ ತುಟಿಗಳ ಸುತ್ತ ಕೆಂಪು ಗೆರೆ. “ಬಿತ್ತನೆ ಆಲೂಗಡ್ಡೆ ಮೂಟೆ ಕದ್ದಿಲ್ಲ ಅಂದ್ರಲ್ಲ, ಅದು ಸುಳ್ಳಂತೆ ಗೌಡ್ರೇ.”

“ಅನ್ನೊಂದು ವರ್ಸದಿಂದ ಈ ಕೋಲ್ಡ್ ಸ್ಟೋರೇಜ್ ಬಾಗ್ಲು ಕಾಯ್ತಾ ಇವ್ನಿ. ಕಳ್ಳ ಅಂದ್ರೆ ತುಟಿ ಅದುರ್ದೆ ನಗ್ತದಾ ಸಾ?”

“ಹೇಳ್ತಿರೋದು ನಾನಲ್ಲ, ಮುಖ ನೋಡಿ ಸುಳ್ಳು ಹಿಡಿಯೋ ಈ ಮೆಷಿನ್ನು. ಅದಕ್ಕೆ ಯಾರ ಮುಲಾಜೂ ಇಲ್ಲ.” ಸುದರ್ಶನ್ ರಾಜೀನಾಮೆ ಕಾಗದವನ್ನು ಮುಂದೆ ಸರಿಸಿದ. ಎಲ್ಲ ಟೈಪಾಗಿತ್ತು, ಸಹಿಯೊಂದೇ ಬಾಕಿ.

ಗೌಡನ ಮೈ ಉರಿದುಹೋಯಿತು. ಶಾಂತಿಗ್ರಾಮದ ನಾಟಕಗಳಲ್ಲಿ ಇಪ್ಪತ್ತು ವರ್ಷ ರಾಜಾ ಪಾರ್ಟು ಮಾಡಿದವನು ಅವನು. ರಾಜ್ಯ ಕಳೆದುಕೊಂಡು ಕಾಡಿಗೆ ಹೊರಟಾಗಲೂ ಹುಬ್ಬು ಅಲುಗಬಾರದೆಂದು ಹಾರ್ಮೋನಿಯಂ ಮೇಷ್ಟ್ರು ಬೈದು ಬೈದು ಕಲಿಸಿದ್ದರು.

“ಇನ್ನೊಂದ್ ಕಿತ ಮೆಷಿನ್ನು ಮುಖಕ್ಕೆ ಇಡೀರಿ ಸಾ” ಎಂದು ಹೆಗಲ ಟವೆಲಿನಿಂದ ಮುಖವನ್ನು ನಿಧಾನವಾಗಿ ಒರೆಸಿಕೊಂಡ. ಟವೆಲು ಇಳಿದಾಗ ಅಲ್ಲಿದ್ದುದು ರಾಜನ ಮುಖ. ಕ್ಯಾಮೆರಾವನ್ನೇ ದಿಟ್ಟಿಸಿ, ಒಂದೊಂದೇ ಮಾತನ್ನು ತೂಗಿ ಹೇಳಿದ: “ಈ ಕಂಪನಿ ನನ್ನದು. ಇದನ್ನು ಕಟ್ಟಿಸಿದವನು ನಾನು. ಇಲ್ಲಿರುವವರೆಲ್ಲ ನನ್ನ ಆಳುಗಳು.”

ಪರದೆಯ ಗೆರೆಗಳೆಲ್ಲ ಹಸಿರಾದವು. ಈ ಸಲ ಗೌಡನೇ ಬಗ್ಗಿ, ಹೊರಗಿನ ಹಮಾಲರಿಗೂ ಕೇಳುವಂತೆ ಓದಿದ: “ಪ್ರಾಮಾಣಿಕತೆ ಶೇಕಡಾ ತೊಂಬತ್ತಾರು.”

ಆಮೇಲೆ ಕಾಗದವನ್ನು ಸುದರ್ಶನನ ಕಡೆಗೇ ತಳ್ಳಿದ.

“ಮೆಷಿನ್ನೇ ಹೇಳ್ತಲ್ಲ ಸಾ. ಏಳಿ, ನನ್ನ ಕುರ್ಚಿ ಬಿಡಿ.”