ಮುಟ್ಬೇಡ

“ಮುಟ್ಬೇಡ! ದೂರ ನಿಂತ್ಕೋ!”

ಪಕ್ಕದ ಮನೆಯ ಕೇಶವಮೂರ್ತಿ ಕಾರಿನಿಂದ ಇಳಿದವರೇ ಹಿಂದಕ್ಕೆ ಹಾರಿದರು. ಓಡಿಬಂದಿದ್ದ ಅಮೂಲ್ಯಾ ಹುಲ್ಲಿನ ಮೇಲೇ ನಿಂತುಬಿಟ್ಟಳು. ಕಿಟಕಿಯಿಂದ ನೋಡುತ್ತಿದ್ದ ಅವಳ ತಾಯಿ ಇಂದುವಿಗೆ ಮೈಯೆಲ್ಲ ಉರಿಯಿತು.

“ಅಮ್ಮಾ, ಈಸ್ ಅಂಕಲ್ ಮ್ಯಾಡ್?”

“ಅಂಕಲ್‌ಗೆ ಮಡಿ, ಪುಟ್ಟಾ. ನಾವು ಮುಟ್ಟಿದ್ರೆ ಮೈಲಿಗೆ ಆಗ್ತಾರಂತೆ.”

ದಕ್ಷಿಣ ಕ್ಯಾರೊಲಿನಾದ ಆ ಊರಿನ ಕನ್ನಡದವರಿಗೆ ಇದು ನಗೆಯ ವಿಷಯ. ಕೆಲಸದಿಂದ ಬಂದೊಡನೆ ಗರಾಜಿನ ಹಿಂದೆ ತಣ್ಣೀರು ಸ್ನಾನ, ಜನವರಿಯಲ್ಲೂ. ಉಟ್ಟ ಬಟ್ಟೆ ಹೊರಗೇ. ಆಮೇಲೆಯೇ ಹೊಸಿಲು ದಾಟುವುದು. “ಸಮುದ್ರ ದಾಟಿದ್ರೂ ಮೂರ್ತಿಗಳು ಮಡಿ ಬಿಡ್ಲಿಲ್ಲ ನೋಡಿ” ಎಂದು ಪಾಟ್‌ಲಕ್ ಊಟಗಳಲ್ಲಿ ನಗುತ್ತಿದ್ದರು. ಇಂದುವಿಗೆ ಮಾತ್ರ ನಗು ಬರುತ್ತಿರಲಿಲ್ಲ. ಜಾತಿ ಕೇಳಿ ತಟ್ಟೆ ಬೇರೆ ಇಟ್ಟ ಮನೆಗಳನ್ನು ಮೈಸೂರಿನಲ್ಲೇ ಕಂಡಿದ್ದಳು. ಸ್ನಾನ ಮುಗಿಸಿ ಆತ ಚಾಕೊಲೇಟ್ ಹಿಡಿದು ಬೇಲಿಯ ಬಳಿ ಬಂದು ಕೈ ಚಾಚಿದರೆ, ಅವಳೇ ಮಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಆತ ಊರಾಚೆಯ ಅಣು ಇಂಧನ ಕಾರ್ಖಾನೆಯ ಎಂಜಿನಿಯರ್. ಕಾರ್ಖಾನೆ ಯೂರೋಪಿನ ಕಂಪನಿಯದು. ಹೋದ ವರ್ಷ, ೧೯೯೫ರಲ್ಲಿ, ಅಮೂಲ್ಯಾಳ ಗಂಟಲಿನ ಗಡ್ಡೆ ತೆಗೆಸಬೇಕಾಯಿತು. ಅದೇ ಬೀದಿಯ ಇನ್ನೂ ಕೆಲವು ಮಕ್ಕಳಿಗೂ ಹಾಗೇ. ಯುರೇನಿಯಂ ಪುಡಿಯ ಒಂದು ಕಣವೂ ಗೇಟಿನಾಚೆ ಹೋಗಿಲ್ಲ ಎಂದಿತು ಕಂಪನಿ. ತಾಯಂದಿರು ಕೇಸು ಹಾಕಿದರು. ರಾಜ್ಯ ಸರ್ಕಾರ ಅವರ ಬೆನ್ನಿಗೆ ನಿಂತು ತನ್ನ ವಕೀಲೆಯನ್ನೇ ಕೊಟ್ಟಿತು.

“ಕಂಪನಿಯೋರು ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತಾರೆ ಕಣೇ, ಕೇಸ್ ವಾಪಸ್ ತಗೋ” ಎಂದು ಉತ್ತರ ಕ್ಯಾರೊಲಿನಾದ ಕ್ಯಾರಿಯಿಂದ ಗೆಳತಿ ಶಿವಕ್ಕ ಫೋನ್ ಮಾಡಿದ್ದಳು.

“ಮಾಡಿಸ್ಲಿ ಬಿಡು. ಕೇಸ್ ಇರೋದು ನನ್ನ ಮಗಳ ಹೆಸರಲ್ಲಿ. ಅವಳು ಇಲ್ಲೇ ಹುಟ್ಟಿದ ಸಿಟಿಜನ್. ಅವಳನ್ನ ಯಾವ ದೇಶಕ್ಕೆ ಅಟ್ತಾರಂತೆ?”

ಕಂಪನಿಯ ಕೊನೆಯ ಸಾಕ್ಷಿಯಾಗಿ ಕಟಕಟೆ ಹತ್ತಿದವರು ಕೇಶವಮೂರ್ತಿಯೇ.

“ಇವರ ಮನೆ ಇರುವುದೂ ಅದೇ ಬೀದಿಯಲ್ಲಿ” ಎಂದು ಕಂಪನಿಯ ವಕೀಲ ಮುಗುಳ್ನಕ್ಕ. “ಅಪಾಯವಿದ್ದರೆ ಇರುತ್ತಿದ್ದರೇ?”

ಕೇಶವಮೂರ್ತಿ ತಲೆ ತಗ್ಗಿಸಿ ಕೂತಿದ್ದರು.

ಸರ್ಕಾರದ ವಕೀಲೆ ಇಂದುವಿನತ್ತ ಬಾಗಿದಳು. “ಈತ ಅಲುಗಾಡದಿದ್ದರೆ ನಮ್ಮ ಸರ್ಕಾರದವರು ಕೇಸು ಕೈಬಿಡುತ್ತಾರೆ. ಕೇಳುವುದಕ್ಕೆ ನನ್ನ ಬಳಿ ಏನೂ ಉಳಿದಿಲ್ಲ.”

“ಇವನನ್ನ ಏನು ಕೇಳ್ತೀರಿ!” ಇಂದು ಹಲ್ಲು ಕಚ್ಚಿದಳು. “ಕೆಲಸದಿಂದ ಬಂದಾಗ ನನ್ನ ಮಗು ಹತ್ತಿರ ಹೋದರೆ ಕಿರುಚುತ್ತಾನೆ, ಮುಟ್ಟಬೇಡ ಅಂತ. ಹೊರಗೇ ಸ್ನಾನ ಮಾಡುತ್ತಾನೆ. ಅಷ್ಟು ಅಹಂಕಾರ.”

ಮಡಿ ಎಂದರೇನೆಂದು ವಕೀಲೆಗೆ ಗೊತ್ತಿರಲಿಲ್ಲ. ಅವಳು ಇಂದುವನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಎದ್ದಳು.

“ಕೆಲಸದಿಂದ ಬಂದಾಗ ಮಕ್ಕಳು ನಿಮ್ಮನ್ನು ಮುಟ್ಟಬಾರದಂತೆ. ಯಾಕೆ, ಮಿಸ್ಟರ್ ಮೂರ್ತಿ?”

ಕಂಪನಿಯ ವಕೀಲ ಸರ‍್ರನೆ ಎದ್ದು ಆಕ್ಷೇಪಿಸಿದ. ನ್ಯಾಯಾಧೀಶರು ಕೂರಿಸಿದರು. ಇಂದು ಮುಖ ತಿರುಗಿಸಿದಳು. ಇನ್ನು ಮಡಿಯ ಪುರಾಣ, ಇಷ್ಟು ಜನರ ಮುಂದೆ.

ಕೇಶವಮೂರ್ತಿ ಮೊದಲು ಕನ್ನಡದಲ್ಲೇ, ಅವಳಿಗೇ ಹೇಳಿದರು: “ನಾನು ಸಂಧ್ಯಾವಂದನೆ ಬಿಟ್ಟೇ ಎಷ್ಟೋ ವರ್ಷ ಆಯ್ತಮ್ಮಾ, ಆ ಪುಡಿ ದಿನಾ ನನ್ನ ಬಟ್ಟೆಯಲ್ಲೇ ಮನೆವರೆಗೂ ಬರ್ತಿತ್ತು, ಮಗೂಗೆ ತಾಗಬಾರದು ಅಂತ.”